ಸಿಯಿಲ್ಕ್ಸ್ ಜನರನ್ನು ಅಲೆಮಾರಿಗಳು ಅನ್ನಬಹುದಾ?

ರಘು: ಕೆನಡಾದ ಓಕನಾಗನ್ ಕಣಿವೆ ನೋಡಿ ಬಂದೆ. ದ್ರಾಕ್ಷಿ ತೋಟ, ಉದ್ದನೆಯ ಸರೋವರ, ತುಂಬಾ ಚೆನ್ನಾಗಿದೆ. ಅಲ್ಲಿನ ಮೂಲನಿವಾಸಿಗಳು ಸಿಯಿಲ್ಕ್ಸ್ ಜನ. ಅವರು ಮೊದಲು ಅಲೆಮಾರಿಗಳು, ಕಣಿವೆಯಲ್ಲಿ ಜನ ನೆಲೆ ನಿಂತಿದ್ದು ತೋಟಗಳು ಬಂದ ಮೇಲೆ ಅಂದುಕೊಂಡೆ. ಸರಿನಾ?

ಶೈಲಜಾ: ಇಲ್ಲ ರಘು ಅವರೇ, ಆ ಪದ ಹೊಂದಲ್ಲ. ನಾನು ಇರೋದು ಆ ಕಣಿವೆಯ ಕೆಲೋನಾದಲ್ಲಿ. ಈ ಊರಿನ ಹೆಸರೇ ಅವರ ಭಾಷೆಯದು, ಕರಡಿ ಅಂತ ಅರ್ಥ. ಚಳಿಗಾಲಕ್ಕೆ ಅವರಿಗೆ ಕಾಯಂ ಹಳ್ಳಿಗಳಿದ್ದವು. ನೆಲ ಅಗೆದು, ತೊಲೆ ಜೋಡಿಸಿ, ಮೇಲೆ ಮಣ್ಣು ಮುಚ್ಚಿದ ಮನೆಗಳು. ಹೊಗೆ ಹೋಗುವ ಕಿಂಡಿಯಿಂದ ಏಣಿ ಇಳಿದು ಒಳಗೆ ಹೋಗಬೇಕು. ವಸಂತದಲ್ಲಿ ಬಿಟರ್‌ರೂಟ್ ಅನ್ನೋ ಬೇರು ಅಗೆಯಲು ಹೊರಡುತ್ತಿದ್ದರು. ಹೂ ಬಿಡುವ ಮೊದಲೇ ಕಿತ್ತರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಆಮೇಲೆ ಸಾಸ್ಕಟೂನ್ ಹಣ್ಣು, ಸಾಲ್ಮನ್ ಮೀನು, ಕೊನೆಗೆ ಬೇಟೆ. ಸುಮ್ನೆ ಅಲೆದಾಟ ಅಲ್ಲ ಅದು. ಯಾವ ತಿಂಗಳು ಯಾವ ಜಾಗ ಅನ್ನೋದು ಅವರಿಗೆ ಗೊತ್ತಿತ್ತು.

ಮಂಜುನಾಥ: ಅವರ ಹಳೆಯ ಕಥೆಯೊಂದರಲ್ಲಿ ಇದೆಲ್ಲ ಬರುತ್ತದೆ. ಮನುಷ್ಯರು ಹುಟ್ಟುವ ಮೊದಲು ನಾಲ್ವರು ಮುಖ್ಯಸ್ಥರು ಸಭೆ ಸೇರುತ್ತಾರೆ: ಕರಡಿ, ಸಾಲ್ಮನ್, ಬಿಟರ್‌ರೂಟ್, ಸಾಸ್ಕಟೂನ್. ಮುಂದೆ ಬರುವ ಜನ ಏನು ತಿನ್ನಬೇಕು ಅಂತ ಚರ್ಚೆ. ಕರಡಿ ತನ್ನನ್ನೇ ಕೊಡುತ್ತದೆ. ಸತ್ತ ಕರಡಿಯನ್ನು ಹಾಡಿ ಮತ್ತೆ ಎಬ್ಬಿಸೋದು ಒಂದು ನೊಣ! ಬೇಟೆಗೂ ಕೊಯ್ಲಿಗೂ ಮಿತಿ ಬೇಕು ಅನ್ನೋದನ್ನು ಮಕ್ಕಳು ಕಲಿಯುತ್ತಿದ್ದದ್ದು ಇಂಥ ಕಥೆಗಳಿಂದಲೇ.

ರಘು: ಅಲೆಮಾರಿ ಅಂದಿದ್ದು ತಪ್ಪಾಯಿತು. ಆದರೆ ಅಮೆರಿಕದಲ್ಲಿ ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲೀ ಅಣೆಕಟ್ಟು ಬಂದ ಮೇಲೆ ಸಾಲ್ಮನ್ ಕಥೆ ಮುಗಿಯಿತಲ್ವಾ?

ಶೈಲಜಾ: ಅರ್ಧ ನಿಜ. ಕೊಲಂಬಿಯಾ ನದಿಯ ಕೆಟಲ್ ಫಾಲ್ಸ್‌ನಲ್ಲಿ ಸುತ್ತಲಿನ ಎಷ್ಟೋ ಬುಡಕಟ್ಟುಗಳು ಸೇರಿ ಮೀನು ಹಿಡಿಯುತ್ತಿದ್ದವು. 1940ರಲ್ಲಿ ಆ ಅಣೆಕಟ್ಟಿನ ನೀರಿನಲ್ಲಿ ಆ ಜಾಗ ಮುಳುಗಿತು. ಮುಳುಗುವ ಮೊದಲು ಜನ ಸೇರಿ ಅತ್ತು ಬೀಳ್ಕೊಟ್ಟರು. ಆದರೆ ಓಕನಾಗನ್ ನದಿ ಕೊಲಂಬಿಯಾವನ್ನು ಸೇರೋದು ಆ ಅಣೆಕಟ್ಟಿನ ಕೆಳಗೆ. ಹಾಗಾಗಿ ಅಲ್ಲಿನ ಸಾಕ್‌ಐ ಸಾಲ್ಮನ್ ಈಗಲೂ ಸಮುದ್ರದಿಂದ ಒಂಬತ್ತು ಅಣೆಕಟ್ಟು ದಾಟಿ ಬರುತ್ತದೆ. 2009ರಲ್ಲಿ ಓಕನಾಗನ್ ನದಿಯ ಮೆಕಿಂಟೈರ್ ಅಣೆಕಟ್ಟಿನಲ್ಲಿ ಮೀನಿಗೆ ದಾರಿ ಬಿಡಿಸಿದರು. 2014ರಲ್ಲಿ ಪೆಂಟಿಕ್ಟನ್‌ನಲ್ಲಿ ಸಿಯಿಲ್ಕ್ಸ್ ಜನರದೇ ಮೀನುಮರಿ ಕೇಂದ್ರ ಶುರುವಾಯಿತು.

ಫಾತಿಮಾ: ತೊಟ್ಟಿಯಲ್ಲಿ ಮರಿ ಮಾಡಿ ಬಿಡೋದನ್ನು ಸಂಪ್ರದಾಯ ಅನ್ನೋಕಾಗುತ್ತಾ?

ಮಂಜುನಾಥ: ಯಾಕಾಗಲ್ಲ? ಮೀನಿನ ಜವಾಬ್ದಾರಿ ತಮ್ಮದು ಅಂದುಕೊಂಡವರು ಮೀನು ಕಡಿಮೆಯಾದಾಗ ಇನ್ನೇನು ಮಾಡಬೇಕಿತ್ತು? ಮರಿ ಬಿಡುವಾಗ ಹಾಡು, ಪ್ರಾರ್ಥನೆ ಎಲ್ಲ ಇರುತ್ತದೆ.

ಫಾತಿಮಾ: ಆ ಕೆಲಸದ ಬಗ್ಗೆ ನನಗೂ ಗೌರವ ಇದೆ. ಆದರೆ ಇದನ್ನು ತೋರಿಸಿ ಎಲ್ಲ ಸರಿಹೋಯಿತು ಅನ್ನಬೇಡಿ. 1846ರಲ್ಲಿ ಬ್ರಿಟನ್, ಅಮೆರಿಕ ಗೆರೆ ಎಳೆದು ಒಂದೇ ಜನರನ್ನು ಎರಡು ದೇಶಕ್ಕೆ ಹಂಚಿದವು. ಆ ಗೆರೆ ಹಾಗೇ ಇದೆ. ಕೆಟಲ್ ಫಾಲ್ಸ್ ಇನ್ನೂ ನೀರಿನಡಿಯಲ್ಲೇ ಇದೆ.