ಅಪ್‌ಡೇಟ್: ಅಪ್ಪನ ಬಗ್ಗದ ಬಿಪಿ, ಮೈಸೂರಿನ ಡಾಕ್ಟರ್ ಹೇಳಿದ್ದು

ಮೂರು ಬಗೆ ಮಾತ್ರೆ ನುಂಗಿದರೂ ಅಪ್ಪನ ಬಿಪಿ 170ರಿಂದ ಇಳಿಯುತ್ತಿಲ್ಲ, ತೊಡೆಸಂದಿಯಿಂದ ಕ್ಯಾತಿಟರ್ (ಸಣ್ಣ ಕೊಳವೆ) ಹಾಕಿ ಮಾಡುವ ಚಿಕಿತ್ಸೆ ಯಾರಾದರೂ ಮಾಡಿಸಿದ್ದೀರಾ ಅಂತ ಕೇಳಿದ್ದೆ ಅಲ್ವಾ. ಕಾಫಿ ಕೊಯ್ಲು ಮುಗಿಯುವ ತನಕ ಅಪ್ಪ ವಿರಾಜಪೇಟೆ ಬಿಟ್ಟು ಕದಲಲಿಲ್ಲ. ಆಮೇಲೆ ಮೈಸೂರಿನಲ್ಲಿ ಹೃದಯದ ಡಾಕ್ಟರಿಗೆ ತೋರಿಸಿದೆವು.

ಆ ಚಿಕಿತ್ಸೆಯ ಹೆಸರು ರೀನಲ್ ಡಿನರ್ವೇಶನ್. ಕ್ಯಾತಿಟರನ್ನು ಕಿಡ್ನಿಯ ರಕ್ತನಾಳದವರೆಗೆ ಕಳಿಸಿ, ಆ ನಾಳದ ಸುತ್ತಲಿನ ನರಗಳನ್ನು ರೇಡಿಯೋ ತರಂಗ ಇಲ್ಲವೇ ಅಲ್ಟ್ರಾಸೌಂಡಿನ ಶಾಖದಿಂದ ಸುಡುತ್ತಾರೆ, ಆಗ ಬಿಪಿ ಏರಿಸು ಅಂತ ಮೆದುಳು ಮತ್ತು ಕಿಡ್ನಿ ನಡುವೆ ಓಡಾಡುವ ಸಂದೇಶ ಕಡಿಮೆಯಾಗುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ. 2014ರ ದೊಡ್ಡ ಪ್ರಯೋಗದಲ್ಲಿ ಇದಕ್ಕೂ ಸುಮ್ನೆ ಮಾಡಿದ ಹಾಗೆ ನಟಿಸಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಆಮೇಲೆ ವಿಧಾನ ಸುಧಾರಿಸಿ, 2023ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಬಳಸುವ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು. ಆದರೂ ಸರಾಸರಿ ಇಳಿಕೆ ಜಾಸ್ತಿ ಏನಿಲ್ಲ, ಹೆಚ್ಚಿನವರಿಗೆ ಮಾತ್ರೆ ತಪ್ಪುವುದಿಲ್ಲ. ಇದು ಕೇಳಿ ಅಪ್ಪನ ಮುಖ ಸಪ್ಪಗಾಯ್ತು, ಮಾತ್ರೆ ಬಿಡಬಹುದು ಅಂತಲೇ ಅವರು ಬಂದಿದ್ದು.

ಡಾಕ್ಟರ್ ಅವಸರ ಮಾಡಲಿಲ್ಲ, ನನಗೆ ಅದು ಇಷ್ಟವಾಯ್ತು. ಮೊದಲು ಬಿಪಿ ಏರಿಸುವ ಹಾರ್ಮೋನ್ ಅಲ್ಡೋಸ್ಟೆರಾನ್ ಜಾಸ್ತಿ ಇದೆಯಾ ಅಂತ ರಕ್ತಪರೀಕ್ಷೆ, ಕಿಡ್ನಿ ನಾಳ ಕಿರಿದಾಗಿದೆಯಾ ಅಂತ ಸ್ಕ್ಯಾನ್. ಎರಡೂ ಸರಿ ಇವೆ. ನಿದ್ದೆಯಲ್ಲಿ ಉಸಿರು ಕಟ್ಟಿದರೂ ಬಿಪಿ ಏರುತ್ತದಂತೆ, ಅದಕ್ಕೇ ಗೊರಕೆ ಬಗ್ಗೆ ಕೇಳಿದರು, ಅಮ್ಮ ಉದ್ದಕ್ಕೆ ದೂರು ಹೇಳಿದರು, ಹಾಗಾಗಿ ನಿದ್ದೆಯ ಪರೀಕ್ಷೆಯೂ ಬಾಕಿ ಇದೆ. ಮಂಡಿನೋವಿಗೆ ಅಪ್ಪ ದಿನಾ ನುಂಗುತ್ತಿದ್ದ ನೋವಿನ ಮಾತ್ರೆಯೇ ಬಿಪಿ ಏರಿಸಬಹುದಂತೆ, ಅದು ಬಂದ್. ಕಾಡುಮಾವಿನ ಉಪ್ಪಿನಕಾಯಿಯೂ ಬಂದ್, ಈ ವಿಷಯಕ್ಕೆ ಮನೆಯಲ್ಲಿ ಇನ್ನೂ ಜಗಳ ನಡೀತಿದೆ. ನಾಲ್ಕನೆಯ ಬಿಪಿ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದಾರೆ, ಅದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಹಾಗಾಗಿ ಅದನ್ನು ಆಗಾಗ ನೋಡಿಸಬೇಕು.

ಈಗ ಮನೆ ಮೆಷಿನ್‌ನಲ್ಲಿ 150ರ ಆಸುಪಾಸು. ಮಳೆಗಾಲದೊಳಗೆ ಇನ್ನೂ ಇಳಿಯದಿದ್ದರೆ ಡಿನರ್ವೇಶನ್ ಬಗ್ಗೆ ಮತ್ತೆ ಮಾತಾಡೋಣ ಅಂದಿದ್ದಾರೆ.