ರೇಡಿಯಲ್ ಎಂಜಿನ್ನಿಗೆ ‘ಅರ’ ಹೊಂದುತ್ತದೆಯೇ? ಸಿಲಿಂಡರಿನ ಫಿನ್‌ಗೆ ಏನೆನ್ನೋಣ?

ಗೆಳೆಯರೇ,

1920ರ ದಶಕದ ವಿಮಾನ ಎಂಜಿನ್‌ಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರ ಕೇಂದ್ರಬಿಂದು ರೈಟ್ ಕಂಪನಿಯ ವರ್ಲ್‌ವಿಂಡ್ ಜೆ-5 ಎಂಬ ರೇಡಿಯಲ್ ಎಂಜಿನ್, ಅಂದರೆ ನಡುವಿನ ಶಾಫ್ಟಿನ ಸುತ್ತಲೂ ಸಿಲಿಂಡರುಗಳು ಹೊರಚಾಚಿ ನಿಂತದ್ದು. 1927ರ ಮೇ ತಿಂಗಳಲ್ಲಿ ಅಮೆರಿಕದ ವೈಮಾನಿಕ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ 33 ಗಂಟೆಗೂ ಹೆಚ್ಚು ಹೊತ್ತು ಒಬ್ಬರೇ ಹಾರಿದ್ದು ಇದೊಂದೇ ಎಂಜಿನ್ನನ್ನು ನೆಚ್ಚಿಕೊಂಡು. 9 ಸಿಲಿಂಡರ್, ಸುಮಾರು 220 ಅಶ್ವಶಕ್ತಿ. ನೀರಿಲ್ಲ, ರೇಡಿಯೇಟರ್ ಇಲ್ಲ, ಎದುರುಗಾಳಿಯೇ ತಂಪು.

ರೇಡಿಯಲ್ ಎಂಬುದಕ್ಕೆ ನಿಘಂಟು ಕೊಡುವ ‘ತ್ರಿಜ್ಯೀಯ’ ನನಗೆ ಹಿಡಿಸುವುದಿಲ್ಲ. ತ್ರಿಜ್ಯ ಎಂದರೆ ಶಾಲೆಯ ವೃತ್ತದೊಳಗಿನ ಒಂದು ಅಳತೆ. ಓದುಗರಿಗೆ ಅದರಲ್ಲಿ ಎಂಜಿನ್ ಕಾಣುವುದಿಲ್ಲ. ‘ಅರ’ ಎಂದ ಕೂಡಲೇ ಬಂಡಿಯ ಗಾಲಿ ಕಣ್ಣಮುಂದೆ ಬರುತ್ತದೆ: ನಡುವೆ ಗುಂಬ, ಸುತ್ತ ಸಿಡಿದು ನಿಂತ ಮರದ ಅರಗಳು. ಆಕಾರವೇನೋ ಅಚ್ಚೊತ್ತಿದಂತೆ ಅದೇ. ಆದರೆ ಗಾಲಿಯ ಅರ ತಿರುಗುತ್ತದಲ್ಲ! ತೊಡಕಿರುವುದು ಅಲ್ಲೇ. ಮೊದಲ ಮಹಾಯುದ್ಧದ ನೋಮ್, ಲ ರೋನ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನುಗಳಿಗೆ ಜೋಡಿಸಿದ ನಡುವಿನ ಶಾಫ್ಟ್) ವಿಮಾನಕ್ಕೆ ಬಿಗಿದು ನಿಂತಿರುತ್ತಿತ್ತು. ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗಿರಗಿರನೆ ಸುತ್ತುತ್ತ, ಹರಳೆಣ್ಣೆಯನ್ನು ಹೊರಗೆ ಚಿಮ್ಮುತ್ತಿದ್ದವು. ಅದು ರೋಟರಿ. ಜೆ-5ರಲ್ಲಿ, ಬ್ರಿಸ್ಟಲ್ ಜುಪಿಟರಿನಲ್ಲಿ, ಪ್ರಾಟ್ ಅಂಡ್ ವಿಟ್ನಿಯ ವಾಸ್ಪ್‌ನಲ್ಲಿ ಸಿಲಿಂಡರುಗಳು ಅಲುಗದೆ ನಿಂತವು, ಶಾಫ್ಟ್ ತಿರುಗಿತು. ಯುದ್ಧಾನಂತರದ ಬದಲಾವಣೆಯ ತಿರುಳನ್ನೇ ‘ಅರ’ ಮರೆಮಾಡೀತು ಎಂಬುದು ನನ್ನ ಅಳುಕು.

ಜರ್ಮನ್ನರು ಇದನ್ನು ನಕ್ಷತ್ರ ಎಂಜಿನ್ ಎನ್ನುತ್ತಾರೆ, ಫ್ರೆಂಚರದೂ ಅದೇ ಹೋಲಿಕೆ. ನನ್ನ ಮನಸ್ಸು ‘ದಳ’ದ ಕಡೆಗಿದೆ. ಅಷ್ಟದಳ ಪದ್ಮದ ರಂಗೋಲಿ ನೋಡಿದವರಿಗೆ ‘ಒಂಬತ್ತು ದಳದ ಎಂಜಿನ್’ ಬಿಡಿಸಿ ಹೇಳಬೇಕಿಲ್ಲ. ಒಂದು ಸುತ್ತಿನಲ್ಲಿ ದಳಗಳು ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲಿ ಏಕಿರುತ್ತವೆ ಎಂಬುದನ್ನೂ ಸುಲಭವಾಗಿ ವಿವರಿಸಬಹುದು: 1, 3, 5, 7, 9, ಆಮೇಲೆ 2, 4, 6, 8, ಹೀಗೆ ಒಂದು ಬಿಟ್ಟು ಒಂದು ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಂಡರೆ ಶಾಫ್ಟಿನ ಎರಡು ಸುತ್ತಿಗೆ ಎಲ್ಲವೂ ಸಮ ಅಂತರದಲ್ಲಿ ಮುಗಿಯುತ್ತವೆ. ‘ರೇಡಿಯಲ್’ ಎಂದೇ ಬಿಡಿ, ರೇಡಿಯಲ್ ಟೈರ್ ಎನ್ನುವುದಿಲ್ಲವೇ ಎಂದು ಒಬ್ಬ ಸ್ನೇಹಿತರ ಸಲಹೆ. ಅದನ್ನೂ ತಳ್ಳಿಹಾಕಲಾರೆ.

ಪಿಸ್ಟನ್ನುಗಳನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ದಂಡಗಳಲ್ಲಿ ಮುಖ್ಯವಾದ ಮಾಸ್ಟರ್ ರಾಡ್‌ಗೆ ಮಾತ್ರ ‘ತಾಯಿದಂಡ’ ಎಂದು ಬರೆದಾಗಿದೆ, ತಾಯಿಬೇರಿನ ಹಾಗೆ. ಅದೊಂದೇ ಕ್ರ್ಯಾಂಕನ್ನು ಹಿಡಿದಿರುತ್ತದೆ, ಮಿಕ್ಕ ಎಂಟು ದಂಡಗಳು ಅದಕ್ಕೆ ಜೋತುಕೊಂಡಿರುತ್ತವೆ.

ಇನ್ನು ಫಿನ್, ಸಿಲಿಂಡರಿನ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವ ತೆಳು ಹಾಳೆ. ಎಂಜಿನಿಯರ್ ಸ್ಯಾಮ್ ಹೆರಾನ್ ರೂಪಿಸಿದ ಮಾದರಿಯಲ್ಲಿ ಉಕ್ಕಿನ ಸಿಲಿಂಡರಿನ ಮೇಲೆ ಅಲ್ಯೂಮಿನಿಯಂ ತಲೆ ಕೂರುತ್ತದೆ. ಎರಡರ ಮೈಮೇಲೂ ತೆಳುವಾದ, ಒತ್ತೊತ್ತಾದ ಫಿನ್‌ಗಳು. ‘ರೆಕ್ಕೆ’ ಎನ್ನೋಣವೆಂದರೆ ವಿಮಾನದ ಲೇಖನದಲ್ಲಿ ‘ರೆಕ್ಕೆ ಬಿಸಿಯಾಯಿತು’ ಎಂದು ಬರೆದರೆ ಓದುಗರು ಯಾವ ರೆಕ್ಕೆ ಎಂದುಕೊಂಡಾರು? ‘ಪಟ್ಟಿ’ಯಲ್ಲಿ ಮೈಯಿಂದ ಹೊರಚಾಚಿದ ಭಾವವಿಲ್ಲ. ‘ಏಣು’ (ಎದ್ದು ನಿಂತ ಅಂಚು) ಹತ್ತಿರ ಬರುತ್ತದೆ, ಆದರೆ ಈಗಿನವರಿಗೆ ತಿಳಿದೀತೇ? ಬೈಕಿನ ಎಂಜಿನ್ ಮೇಲೂ ಇರುವ ಈ ಸಾಲುಗಳಿಗೆ ನಿಮ್ಮೂರಿನ ಗ್ಯಾರೇಜುಗಳಲ್ಲಿ ಏನೆನ್ನುತ್ತಾರೆ? ಕೇಳಿದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.