ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಟ್ಟ ಹಸುವಿನ ಹಾಲು: ಕಾಯಿಸಿದರೆ ಸಾಕೇ, ಕರುವಿಗೆ ಕುಡಿಸಬಹುದೇ?

ಪ್ರಶ್ನೆ: ಹೈನುಗಾರ, ಮಂಡ್ಯ ಜಿಲ್ಲೆ

ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುವೊಂದಕ್ಕೆ ಕರು ಹಾಕಿದ ಕೆಲವೇ ದಿನಗಳಲ್ಲಿ ಕೆಚ್ಚಲು ಬಾವು ಬಂದು, ಒಂದು ಮೊಲೆಯಿಂದ ಹಾಲು ಗರಣೆಗಟ್ಟಿ ಬರತೊಡಗಿತು. ಪಶುವೈದ್ಯರು ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಚುಚ್ಚುಮದ್ದು ಆರಂಭಿಸಿದ್ದು, ಈ ಹಾಲನ್ನು ಡೇರಿಗೆ ಹಾಕಬಾರದೆಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಉಳಿದ ಮೂರು ಮೊಲೆಗಳ ಹಾಲು ನೋಡಲು ಚೆನ್ನಾಗಿಯೇ ಇರುವುದರಿಂದ ಅದನ್ನು ಕಾಯಿಸಿ ಮನೆಗೆ ಬಳಸಬಹುದು, ಇಲ್ಲವೇ ಕರುವಿಗೆ ಕುಡಿಸಬಹುದು ಎಂದು ನೆರೆಹೊರೆಯವರು ಹೇಳುತ್ತಾರೆ. ಇದು ಸರಿಯೇ? ದನಗಳಿಗೆ ಕೊಡುವ ಆಂಟಿಬಯೋಟಿಕ್‌ಗಳಿಂದ ಮನುಷ್ಯರಿಗೆ ಮದ್ದು ನಾಟದಂತಾಗುತ್ತದೆ ಎಂದೂ ಓದಿದ್ದೇನೆ. ಹಾಲನ್ನು ಚೆಲ್ಲಿಬಿಟ್ಟರೆ ಆ ಅಪಾಯ ಅಲ್ಲಿಗೆ ಮುಗಿಯುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಪಶುವೈದ್ಯೆ, ಹಾಸನ

ನಿಮ್ಮ ವೈದ್ಯರ ಮಾತನ್ನೇ ಪಾಲಿಸಿ. ಚುಚ್ಚುಮದ್ದು ರಕ್ತದ ಮೂಲಕ ಇಡೀ ಕೆಚ್ಚಲನ್ನು ತಲುಪುವುದರಿಂದ, ಬಾವಿಲ್ಲದ ಮೊಲೆಗಳ ಹಾಲಿನಲ್ಲಿಯೂ ಔಷಧದ ಅಂಶ ಇರುತ್ತದೆ. ಕಾಯಿಸಿದಾಗ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ಸಾಯುತ್ತವೆಯೇ ಹೊರತು ಔಷಧ ಪೂರ್ತಿಯಾಗಿ ನಾಶವಾಗುತ್ತದೆಂದು ನಂಬುವಂತಿಲ್ಲ. ಇಂತಹ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಬಾರಿ ಸರಿಯಾಗಿ ಮೊಸರಾಗದಿರುವುದಕ್ಕೆ ಕಾರಣವೂ ಇದೇ: ಉಳಿದ ಔಷಧವು ಹೆಪ್ಪಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬೆಳೆಯಗೊಡುವುದಿಲ್ಲ.

ಕೊನೆಯ ಚುಚ್ಚುಮದ್ದಿನ ನಂತರ ಎಷ್ಟು ದಿನ ಹಾಲು ಬಳಸಬಾರದೆಂಬುದು ಔಷಧದ ಲೇಬಲ್ ಮೇಲೆ ಇರಬೇಕು. ಆ ಅವಧಿಯನ್ನು ಪ್ರತ್ಯೇಕವಾಗಿ ನಿರ್ಧರಿಸಿರದ ಔಷಧಗಳಿಗೆ ನಮ್ಮ ದೇಶದ ನಿಯಮವು ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಹಾಗೂ ಜಾನುವಾರು ಮಾಂಸಕ್ಕೆ ಕನಿಷ್ಠ 28 ದಿನ ಎಂದು ವಿಧಿಸಿದೆ. ಲೆಕ್ಕ ಆರಂಭವಾಗುವುದು ಕೊನೆಯ ಚುಚ್ಚುಮದ್ದಿನಿಂದ, ಬಾವು ಇಳಿದ ದಿನದಿಂದಲ್ಲ.

ಕರುವಿಗಂತೂ ಕುಡಿಸಲೇಬೇಡಿ. ಕಾಯಿಲೆ ವಾಸಿಮಾಡಲು ಸಾಲದಷ್ಟು ಅಲ್ಪ ಪ್ರಮಾಣದ ಔಷಧ ದಿನವೂ ಕರುವಿನ ಕರುಳನ್ನು ಸೇರಿದರೆ, ಅಲ್ಲಿನ ಸಾಧಾರಣ ಬ್ಯಾಕ್ಟೀರಿಯಾಗಳು ಹಿಂದೆ ಸರಿದು, ಆ ಔಷಧಕ್ಕೆ ಬಗ್ಗದವು ಮಾತ್ರ ಹೆಚ್ಚುತ್ತವೆ. ಸಗಣಿಯ ಮೂಲಕ ಅವು ಕೊಟ್ಟಿಗೆಯೆಲ್ಲ ಹರಡುತ್ತವೆ. ಹಾಲನ್ನು ಬಾವಿ, ಕೆರೆ, ಚರಂಡಿಗಳಿಂದ ದೂರದ ಗುಂಡಿಯಲ್ಲಿ ಸುರಿದು ಮಣ್ಣು ಮುಚ್ಚಿ.

ಉತ್ತರ: ಸೂಕ್ಷ್ಮಜೀವಿಶಾಸ್ತ್ರದ ಬೋಧಕ, ಧಾರವಾಡ

ಹಾಲು ಚೆಲ್ಲಿದರೆ ಅಪಾಯ ಮುಗಿಯುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲವೆಂದೇ ಉತ್ತರಿಸಬೇಕಾಗುತ್ತದೆ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಹಾಲಿನಲ್ಲಿ ಉಳಿಯುವ ಔಷಧ ಒಂದು, ಹಸುವಿನ ದೇಹದಲ್ಲಿ ಬೆಳೆಯುವ ಪ್ರತಿರೋಧಿ, ಅಂದರೆ ಔಷಧಕ್ಕೆ ಬಗ್ಗದ, ಬ್ಯಾಕ್ಟೀರಿಯಾ ಇನ್ನೊಂದು. ಮೇಲೆ ಹೇಳಿದ ಅವಧಿ ಪೂರ್ತಿ ಕಾಯುವುದರಿಂದ ಮೊದಲನೆಯದು ನೀಗುತ್ತದೆ. ಎರಡನೆಯದು ಸಗಣಿ, ಗೊಬ್ಬರ, ನೀರು, ಹಾಲು ಕರೆಯುವವರ ಕೈ ಇವುಗಳ ಮೂಲಕ ಹೊರಬರುತ್ತದೆ. ಪ್ರತಿರೋಧದ ಜೀನ್‌ಗಳು ಹಲವು ಬಾರಿ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳ ಮೇಲಿರುವುದರಿಂದ, ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಮತ್ತೊಂದು ಜಾತಿಗೂ ದಾಟಬಲ್ಲವು. ಸೆಫ್ಟ್ರಿಯಾಕ್ಸೋನ್ ಟೈಫಾಯಿಡ್ ಮತ್ತು ಮಿದುಳಿನ ಪೊರೆಯ ಸೋಂಕಿಗೆ ನಮ್ಮ ಆಸ್ಪತ್ರೆಗಳು ನೆಚ್ಚಿಕೊಂಡಿರುವ ಔಷಧವಾದ್ದರಿಂದ ಈ ಮಾತು ನನ್ನನ್ನು ಬಹಳ ಕಾಡುತ್ತದೆ.

ಡೆನ್ಮಾರ್ಕ್‌ನ ಅನುಭವವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಕೋಳಿ ಮತ್ತು ಹಂದಿಗಳು ಬೇಗ ಬೆಳೆಯಲೆಂದು ಆಹಾರದಲ್ಲಿ ಅವೊಪಾರ್ಸಿನ್ ಬೆರೆಸುತ್ತಿದ್ದರು. ಅದು ಆಸ್ಪತ್ರೆಗಳಲ್ಲಿ ಬಳಸುವ ವ್ಯಾಂಕೊಮೈಸಿನ್‌ನ ಗುಂಪಿಗೇ ಸೇರಿದ ಔಷಧ. 1995ರಲ್ಲಿ ಅದನ್ನು ನಿಷೇಧಿಸಿದಾಗ, ಕೋಳಿಗಳಲ್ಲಿ ಸಿಕ್ಕ ಎಂಟೆರೊಕಾಕಸ್ ಫೀಶಿಯಮ್ ಬ್ಯಾಕ್ಟೀರಿಯಾಗಳಲ್ಲಿ ಶೇ 70ಕ್ಕೂ ಹೆಚ್ಚು ವ್ಯಾಂಕೊಮೈಸಿನ್‌ಗೆ ಬಗ್ಗದವಾಗಿದ್ದವು. 2000ದ ಹೊತ್ತಿಗೆ ಆ ಪ್ರಮಾಣ ಶೇ 6ರ ಆಸುಪಾಸಿಗೆ ಇಳಿಯಿತು. ಹಂದಿಗಳಲ್ಲಿ ಮಾತ್ರ ಅದು ಕೆಲವು ವರ್ಷ ಇಳಿಯಲೇ ಇಲ್ಲ. ಅವುಗಳಿಗೆ ಟೈಲೋಸಿನ್ ಎಂಬ ಬೇರೆಯೇ ಔಷಧ ಕೊಡುವುದು ಮುಂದುವರಿದಿತ್ತು. ಹಂದಿಗಳ ಬ್ಯಾಕ್ಟೀರಿಯಾಗಳಲ್ಲಿ ಈ ಎರಡೂ ಔಷಧಗಳ ಪ್ರತಿರೋಧದ ಜೀನ್‌ಗಳು ಒಂದೇ ಪ್ಲಾಸ್ಮಿಡ್ ಮೇಲಿದ್ದವು. ಟೈಲೋಸಿನ್ ಬಳಕೆ 1998ರಲ್ಲಿ ಕಡಿಮೆಯಾದ ಮೇಲೆಯೇ ಅಲ್ಲಿಯೂ ಇಳಿಕೆ ಕಂಡಿತು. ಒಂದು ಔಷಧವನ್ನು ನಿಲ್ಲಿಸಿ ಇನ್ನೊಂದನ್ನು ಮನಬಂದಂತೆ ಕೊಡುವುದರಿಂದ ಪ್ರಯೋಜನವಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ತಿಳಿದಿಲ್ಲ. ನಮ್ಮ ದೇಶದಲ್ಲಿಯೂ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರ ಜುಲೈನಲ್ಲಿ ನಿಷೇಧಿಸಲಾಯಿತು. ಬೇರೆ ಯಾವ ಮದ್ದೂ ನಾಟದ ರೋಗಿಗಳಿಗೆ ವೈದ್ಯರು ಕೊನೆಯದಾಗಿ ಕೈಚಾಚುವುದು ಈ ಕೊಲಿಸ್ಟಿನ್‌ಗೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಲನ್ನು ಗುಂಡಿಗೆ ಸುರಿಯುತ್ತೇನೆ. ಹಾಗಾದರೆ ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಡಿಸಲೇಬಾರದೇ? ಲೋಳೆಸರದ ಲೇಪ ಸಾಕೆಂದು ಹೇಳುವವರೂ ಇದ್ದಾರೆ.

ಉತ್ತರ: ಪಶುವೈದ್ಯೆ, ಹಾಸನ

ಕೊಡಿಸಬಾರದೆಂದು ನಾನು ಎಂದಿಗೂ ಹೇಳುವುದಿಲ್ಲ. ಜ್ವರ ಬಂದು ಮೇವು ಬಿಟ್ಟ ಹಸುವಿಗೆ ಚಿಕಿತ್ಸೆ ತಡಮಾಡಿದರೆ ಮೊಲೆ ಮಾತ್ರವಲ್ಲ, ಹಸುವೇ ಕೈತಪ್ಪಬಹುದು. ಈಗ ಆರಂಭಿಸಿರುವ ಚುಚ್ಚುಮದ್ದನ್ನೂ ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಿಸಿ. ಸುಮಾರು 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವ ಲೇಪವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ. ಬಾವು ಸೌಮ್ಯವಾಗಿದ್ದಾಗ ವೈದ್ಯರ ಗಮನಕ್ಕೆ ತಂದು ಅದನ್ನು ಬಳಸಬಹುದು. ನಾನು ವಿರೋಧಿಸುವುದು ಚೀಟಿಯಿಲ್ಲದೆ ಅಂಗಡಿಯಿಂದ ಔಷಧ ತಂದು, ಎರಡು ದಿನ ಚುಚ್ಚಿ, ಬಾವು ಇಳಿಯಿತೆಂದು ಬಿಟ್ಟುಬಿಡುವ ರೂಢಿಯನ್ನು.

ಬಾವು ಬಾರದಂತೆ ನೋಡಿಕೊಳ್ಳುವುದರಲ್ಲಿ ನಿಮ್ಮ ಕೈಲಿರುವುದೇ ಹೆಚ್ಚು. ಹೆಬ್ಬೆರಳು ಮಡಚಿ ಹಿಂಡಬೇಡಿ, ಅದರಿಂದ ಮೊಲೆಯ ಒಳಭಾಗಕ್ಕೆ ಪೆಟ್ಟಾಗುತ್ತದೆ. ಕರೆದ ಕೂಡಲೇ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಅರ್ಧ ಗಂಟೆಯಾದರೂ ಹಸು ಮಲಗದಂತೆ ಮುಂದೆ ಮೇವು ಹಾಕಿ, ಏಕೆಂದರೆ ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಬಾವಿರುವ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯಿರಿ.

ಮುಂದೆ ಯಾವ ಹಸುವಿಗಾದರೂ ಬಾವು ಬಂದರೆ, ಮೊದಲ ಚುಚ್ಚುಮದ್ದಿಗೂ ಮುಂಚೆಯೇ ಹಾಲಿನ ಮಾದರಿ ತೆಗೆಯುವಂತೆ ವೈದ್ಯರನ್ನು ಕೇಳಿ. ತೊಟ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಕ್ರಿಮಿಶುದ್ಧ ಶೀಶೆಯಲ್ಲಿ ಹಿಡಿದು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರೆ, ಯಾವ ಔಷಧ ನಾಟುತ್ತದೆಂಬುದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ಆಗ ಸೆಫ್ಟ್ರಿಯಾಕ್ಸೋನ್ ಬೇಕಿತ್ತೇ, ಹಳೆಯ ಪೆನಿಸಿಲಿನ್ ಸಾಕಿತ್ತೇ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾಗುವುದಿಲ್ಲ.